ನಮ್ಮ ಹೊಲದ ಪಾಂಡವರನ್ನು ತೂಕದ ಕಲ್ಲೆಂದ ಪರದೆಯವರಿಗೆ

ಜಹೀರಾಬಾದಿನ ಹೊಸ ಸಂಗ್ರಹಾಲಯದ ಎರಡನೇ ಕೋಣೆಯಲ್ಲಿ ದಿನವಿಡೀ ನಿಂತೇ ವಿದ್ಯಾದಾನ ಮಾಡುವ ಪ್ರಶ್ನೋತ್ತರ ಪರದೆಯವರ ಸನ್ನಿಧಿಗೆ, ಕೊಹೀರ್ ಕಡೆಯ ಗುರುಲಿಂಗಮ್ಮನ ಶರಣು ಶರಣಾರ್ಥಿ.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಕರೆಂಟು ಹೋದರೆ ತಮಗೆ ಕಣ್ಣು ಕತ್ತಲಾಗುತ್ತದೆಂದು ಕೇಳಿ, ಹೋದ ಸೋಮವಾರ ಲಿಂಗಪೂಜೆಯಲ್ಲಿ ತಮ್ಮ ಹೆಸರಿಗೂ ಒಂದು ಪತ್ರೆ ಏರಿಸಿದ್ದೇನೆ. ನಾನು ಊರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಮೊದಲು ತಮ್ಮ ಉಪಕಾರ ನೆನೆಯುತ್ತೇನೆ. ಹೋದ ತಿಂಗಳು ನಾಲ್ಕನೇ ತರಗತಿಯ ಮೊಮ್ಮಗಳು ವಾಣಿಶ್ರೀಯನ್ನು ಕರೆದುಕೊಂಡು ಬಂದಾಗ ತಾವು ತೆಲುಗಿನಲ್ಲಿ ಮೊದಲು ಕೇಳಿದ್ದು 'ನೀವು ಯಾರು?' ಎಂದು. ಐವತ್ತು ವರ್ಷದಲ್ಲಿ ಅಷ್ಟು ಮರ್ಯಾದೆಯಿಂದ ಯಾರೂ ಕೇಳಿರಲಿಲ್ಲ. 'ರೈತ' ಎಂಬಲ್ಲಿ ಬೆರಳಿಟ್ಟೆ. ತಾವು ನನ್ನ ಮುಖ ಹಿಡಿದು, ಅದಕ್ಕೆ ರುಮಾಲು ಸುತ್ತಿ, ಹುರಿಮೀಸೆ ಅಂಟಿಸಿ ತೋರಿಸಿದಿರಿ. ಮೂವತ್ತು ವರ್ಷ ಕಳೆ ಕಿತ್ತರೂ ಬಾರದ ಮೀಸೆ ಒಂದು ಬೆರಳಿಗೆ ಬಂತು. ಆ ಫೋಟೊ ನಮ್ಮ ಮನೆಯವರ ಮೊಬೈಲಿನಲ್ಲಿದೆ. ನನ್ನ ಮೇಲೆ ಸಿಟ್ಟು ಬಂದಾಗಲೆಲ್ಲ ತೆಗೆದು ನೋಡಿ ಸಮಾಧಾನ ಪಡುತ್ತಾರೆ.

ಇನ್ನು ನನ್ನ ಸಣ್ಣ ತಕರಾರು. ತಮ್ಮ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಕುಳಿತ ಐದು ಕಲ್ಲುಗಳು ನಮ್ಮ ಹೊಲದ ಪಾಂಡವರು. ಎಳ್ಳಮಾವಾಸ್ಯೆಯ ದಿನ ಜೋಳದ ದಂಟಿನ ಕೊಂಪೆ ಕಟ್ಟಿ, ಅವರನ್ನು ಒಳಗೆ ಕೂರಿಸಿ, ಸುಣ್ಣ ಬಳಿದು, ಕೆಮ್ಮಣ್ಣಿನ ಬೊಟ್ಟಿಟ್ಟು, ಕಾಳು-ಸೊಪ್ಪು ಬೇಯಿಸಿದ ಭಜ್ಜಿ, ಸಜ್ಜೆ ಕಡುಬು, ಅಂಬಲಿ ಎಡೆ ಹಿಡಿದು, ಆಮೇಲೆ ಆ ಎಡೆಯನ್ನೇ ಬೆಳೆಗೆಲ್ಲ ಚರಗ ಚೆಲ್ಲುವುದು ನಮ್ಮ ಪದ್ಧತಿ. ಕೆಲವರು ವರ್ಷವರ್ಷ ಹೊಸ ಕಲ್ಲು ಆರಿಸುತ್ತಾರೆ. ನಮ್ಮಲ್ಲಿ ಅತ್ತೆಯವರ ಕಾಲದಿಂದ ಇವೇ ಐದು, ಬೊಟ್ಟಿಡುವುದು ಮನೆಯ ಕಿರಿಯ ಹೆಣ್ಣುಮಗಳ ಹಕ್ಕು. ಬೇಸಿಗೆಯಲ್ಲಿ ತಮ್ಮ ಕಡೆಯ ಶಿಲ್ಪಾರಾಣಿ ಮೇಡಂ ಹಳೆಯ ವಸ್ತು ಹುಡುಕಿಕೊಂಡು ಬಂದರು. ನಾನು ತವರಿಗೆ ಹೋಗಿದ್ದೆ. ಫೋಟೊ ತೆಗೆಸಿಕೊಂಡ ಖುಷಿಯಲ್ಲಿದ್ದ ನಮ್ಮ ಮನೆಯವರು, "ಒಯ್ರಿ ತಾಯಿ, ಹಬ್ಬಕ್ಕ ತಿರುಗಿ ತಂದ್ರ ಆತು," ಎಂದರಂತೆ. "ವಜನ ಎಷ್ಟದರಿ?" ಎಂದು ಮೇಡಂ ಕೇಳಿದ್ದಕ್ಕೆ ಒಂದನ್ನು ಕೈಯಲ್ಲಿ ತೂಗಿ, "ಎರಡು ಸೇರು ಇರಬೇಕು ನೋಡ್ರಿ," ಎಂದರಂತೆ. ಕೇಳಿದ್ದೂ ಅಷ್ಟೇ, ಬರೆದುಕೊಂಡದ್ದೂ ಅಷ್ಟೇ. ಸುಣ್ಣ ತೊಳೆದು ಹೋಯಿತು. ಧರ್ಮರಾಜ ಎರಡು ಸೇರಾದ.

'ಇವು ಯಾತಕ್ಕೆ?' ಎಂದು ಕೇಳಿ ತಾವು ಮೂರು ಉತ್ತರ ಕೊಟ್ಟಿರಿ: ತೂಕದ ಕಲ್ಲು, ಹಕ್ಕಿ ಓಡಿಸುವ ಕಲ್ಲು, ಆಟದ ಕಲ್ಲು. ನಮ್ಮ ಉತ್ತರ ಅದರಲ್ಲಿ ಕಾಣದೆ ವಾಣಿಶ್ರೀ ಬಾಯಿಬಿಟ್ಟೇ ಹೇಳಿದಳು, "ಇವು ನಮ್ಮ ಪಾಂಡವರು. ನಾ ಬೊಟ್ಟ ಹಚ್ತೀನಿ." ತಮಗೆ ಬೆರಳಷ್ಟೇ ಕೇಳಿಸುತ್ತದಲ್ಲ, ಸಮಯ ಮುಗಿಯಿತು ಎಂದಿರಿ, ಸೊನ್ನೆ ಕೊಟ್ಟಿರಿ, ಸರಿ ಉತ್ತರ ತೂಕದ ಕಲ್ಲು ಎಂದು ಚಪ್ಪಾಳೆ ಬೇರೆ ಬಾರಿಸಿದಿರಿ. ಹಿಂದೆ ನಿಂತ ಮಕ್ಕಳು ನಕ್ಕರು. ಊರಲ್ಲಿ ಬಸ್ಸಿನಿಂದ ಇಳಿದ ಕೂಡಲೇ ಹುಡುಗಿ ಅಂದಳು, "ಆಯಿ, ನೀನೇ ಸುಳ್ಳು ಹೇಳೀದಿ. ತೂಕದ ಕಲ್ಲಿಗಿ ನಾ ಬೊಟ್ಟ ಹಚ್ಚಲ್ಲ." ಅಮಾವಾಸ್ಯೆಗೆ ಇನ್ನು ಮೂರು ವಾರ. ಅವಳು ಇವತ್ತಿಗೂ ಅದೇ ಮಾತಿನ ಮೇಲಿದ್ದಾಳೆ.

ಆದ್ದರಿಂದ ಬೇಡುವುದೇನೆಂದರೆ, ಪಾಂಡವರನ್ನು ಹಬ್ಬದ ಒಂದು ದಿನ ಮನೆಗೆ ಕಳಿಸಿಕೊಡಿ. ಅದಾಗದಿದ್ದರೆ ತಾವೇ ಹೊಲಕ್ಕೆ ದಯಮಾಡಿಸಿ. ಬಂಡಿಯಲ್ಲಿ ಕೌದಿ ಹಾಸಿ ಕರೆತರುತ್ತೇವೆ, ಬೋರಿನ ಮೋಟಾರಿನಿಂದ ತಮಗೆ ಕರೆಂಟು ಎಳೆಯುತ್ತೇವೆ, ಭಜ್ಜಿ ಬಡಿಸುತ್ತೇವೆ. ಹೊಟ್ಟೆ ತುಂಬಿದ ಮೇಲೆ ಅದೇ ಪ್ರಶ್ನೆ ಕೇಳಿ ನೋಡಿ. ಅದೂ ಆಗದಿದ್ದರೆ ನಾಲ್ಕನೆಯ ಉತ್ತರವೊಂದನ್ನು ಸೇರಿಸಿ: 'ನನಗೂ ಗೊತ್ತಿಲ್ಲ, ಹೊಲದವರನ್ನು ಕೇಳು.' ನಮ್ಮ ಮಠದ ಅಪ್ಪನವರೂ ಆಗಾಗ ಗೊತ್ತಿಲ್ಲ ಅನ್ನುತ್ತಾರೆ; ಪಾದಕ್ಕೆ ಬೀಳುವವರೇನೂ ಕಡಿಮೆಯಾಗಿಲ್ಲ.

ತಮ್ಮಿಂದ ಮೀಸೆ ಪಡೆದ ಋಣದಲ್ಲಿರುವ,
ತಮ್ಮ ವಿಶ್ವಾಸಿ,
ಗುರುಲಿಂಗಮ್ಮ

ವಿ.ಸೂ.: ಪತ್ರವನ್ನು ಮನೆಯಲ್ಲಿ ಎಲ್ಲರ ಮುಂದೆ ಓದಿದೆ. ಎರಡು ಸೇರಿನ ಸಂಗತಿ ಬಂದಾಗ ವಾಣಿಶ್ರೀ ತನ್ನ ಮುತ್ಯಾನ ಕಡೆ, ಅಂದರೆ ನಮ್ಮ ಮನೆಯವರ ಕಡೆ, ತಿರುಗಿ ನೋಡಿದಳು. ಆಮೇಲೆ, "ಆ ಪರದಿಗಿ ಯಾರೂ ಹೇಳೇ ಇಲ್ಲ ಆಯಿ. ಮತ್ತ ಅದಕ್ಕ ಕನ್ನಡ ಬರಲ್ಲ, ನಿನ್ನ ಪತ್ರ ಹೆಂಗ ಓದ್ತದ? ನಾನೇ ಹೋಗಿ ತೆಲುಗಿನಾಗ ಹೇಳ್ತೀನಿ," ಎಂದಳು. ಭಾನುವಾರ ಮೊದಲ ಬಸ್ಸಿಗೆ ಬರುತ್ತಾಳೆ. ಅವಳು ಹೇಳಿ ಮುಗಿಸುವ ತನಕ, ದಯವಿಟ್ಟು, ಮುಂದಿನ ಪ್ರಶ್ನೆಗೆ ಹೋಗಬೇಡಿ.