ಹದವಾದ ಕೊಳೆ

"ಟ್ಯಾಂಕು ಹದವಾಗಿ ಕೊಳೆಯಾಗಿರ್ಲಿ," ಎಂದರು ಪುಟಾಣಿ ಯುದ್ಧಟ್ಯಾಂಕುಗಳ ಸಂಗ್ರಾಹಕರು ಬೆಳಿಗ್ಗೆ ಫೋನಿನಲ್ಲಿ. "ಹೊಸದರ ಹಾಗೆ ಹೊಳೀತಿದ್ರೆ ಆಟಿಕೆ. ಮಣ್ಣು ಮೆತ್ತಿದ್ರೆ ಕೇಕು. ಎರಡೂ ನನಗೆ ಬೇಡ. ಸಂಜೆ ಬಂದು ನೋಡ್ತೀನಿ."

ಅಷ್ಟು ಹೇಳಿ ಇಟ್ಟುಬಿಟ್ಟರು. ಬ್ಲೀಚಪ್ಪ ಮಾತ್ರ ಸತ್ತ ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದ. ಹದ ಅಂದರೆ ಎಷ್ಟು? ಕಿಟಕಿಯಾಚೆ ಆಕಾಶ ಒಗೆದು ಹಿಂಡದೆ ಬಿಟ್ಟ ಕಂಬಳಿಯ ಹಾಗೆ ಜೋತುಬಿದ್ದಿತ್ತು.

ಅವನಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕಲೆ ತೆಗೆಯುವ ಕೆಲಸಕ್ಕೆ ಸೇರಿದ ಮೇಲೆ ಬೀದಿಯವರು ಇಟ್ಟ ಹೆಸರೇ ಗಟ್ಟಿಯಾಯಿತು. ಮದುವೆ ಕೋಟಿನ ಮೇಲಿನ ವೈನು, ಕಾಲರಿಗೆ ತಾಗಿದ ಲಿಪ್‌ಸ್ಟಿಕ್, ಮಗುವಿನ ಫ್ರಾಕಿನ ಮೇಲಿನ ಐಸ್‌ಕ್ರೀಮು: ಬೇರೆಯವರು ಸುಖಪಟ್ಟ ಗುರುತುಗಳನ್ನು ದಿನವಿಡೀ ಉಜ್ಜಿ ಅಳಿಸುವುದು ಅವನ ಪಾಲಿಗೆ ಬಂದಿತ್ತು. ಮನೆಗೆ ಬಂದು ಅಡುಗೆಮನೆ ಪಕ್ಕದ ಸಣ್ಣ ಕೋಣೆಯ ಬಾಗಿಲು ಹಾಕಿಕೊಂಡರೆ ಎಲ್ಲ ತಿರುವುಮುರುವು. ಅಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಯುದ್ಧಟ್ಯಾಂಕುಗಳನ್ನು ಕಟ್ಟಿ, ಬಣ್ಣ ಬಳಿದು, ಅವಕ್ಕೆ ತುಕ್ಕು, ಧೂಳು, ಗೀರುಗಳನ್ನು ಕೈಯಾರೆ ಕೂಡಿಸುತ್ತಿದ್ದ. ಜಗತ್ತಿನಲ್ಲಿ ಅವನು ಕೊಳೆ ಮಾಡಬಹುದಾಗಿದ್ದ ಜಾಗ ಅದೊಂದೇ.

ಅದೂ ಕೈಬಿಡುವುದರಲ್ಲಿತ್ತು. ಯಾವ ಕೆಲಸದಲ್ಲೂ ನಿಲ್ಲದ ಹೆಂಡತಿಯ ತಮ್ಮ ಬಂದು ಹಾಲಿನಲ್ಲಿ ಹಾಸಿಗೆ ಬಿಚ್ಚಿದ್ದ. ಬಿಚ್ಚಿದ್ದನ್ನು ಮತ್ತೆ ಸುತ್ತಿರಲಿಲ್ಲ.

"ನೋಡ್ರೀ," ಎಂದಿದ್ದಳು ಹೆಂಡತಿ, "ಅವನನ್ನ ತುಳಿದೂ ತುಳಿದೂ ನನಗೂ ಸಾಕಾಗಿದೆ, ತುಳಿಸಿಕೊಂಡು ಅವನಿಗೂ ಸಾಕಾಗಿದೆ. ಇವತ್ತು ಆ ಮನುಷ್ಯ ಟ್ಯಾಂಕನ್ನ ಒಪ್ಪಿ ತಗೊಂಡು ಹೋದ್ರೆ ಕೋಣೆ ನಿಮ್ಮದು, ನಾನು ತುಟಿ ಪಿಟಕ್ ಅನ್ನಲ್ಲ. ಇಲ್ಲಾಂದ್ರೆ ನನ್ನ ತಮ್ಮನ ಹಾಸಿಗೆ ಒಳಗೆ."

ಸಂಗ್ರಾಹಕರ ಗಾಜಿನ ಬೀರು ಈ ಹುಚ್ಚು ಹತ್ತಿದವರಲ್ಲೆಲ್ಲ ಪ್ರಸಿದ್ಧ. ಅದರೊಳಗೆ ಒಂದು ಟ್ಯಾಂಕು ಹೋದರೆ ನೀವು ಕುಶಲಕರ್ಮಿ. ಹೋಗದಿದ್ದರೆ ತಲೆ ನರೆತರೂ ಆಟಿಕೆ ಬಿಡದವರು.

ಬ್ಲೀಚಪ್ಪ ಟ್ಯಾಂಕನ್ನು ದೀಪದ ಕೆಳಗಿಟ್ಟು ನೋಡಿದ. ತುಕ್ಕು ಎಲ್ಲ ಮೂಲೆಯಲ್ಲೂ ಸಮಸಮ. ಗೀರುಗಳು ಸಾಲಾಗಿ ನಿಂತ ಶಾಲೆ ಮಕ್ಕಳಂತೆ. ಅದು ಕೊಳೆಯೇನೋ ಹೌದು, ಆದರೆ ಇಸ್ತ್ರಿ ಹಾಕಿದ ಕೊಳೆ. ಏನೋ ಸರಿಯಿಲ್ಲ ಎಂದು ಅವನಿಗೂ ಗೊತ್ತಿತ್ತು. ಏನೆಂದು ಮಾತ್ರ ಗೊತ್ತಿರಲಿಲ್ಲ.

ಅಷ್ಟರಲ್ಲಿ ಪೇಪರು ಕೇಳಲು ಬಂದ ಮೇಲಿನ ಮನೆಯ ನಿವೃತ್ತ ಸುಬೇದಾರರು ಬಾಗಿಲಲ್ಲೇ ಗುಡುಗಿದರು. "ಏನಯ್ಯಾ ಇದು ಅವತಾರ? ನಮ್ಮಲ್ಲಿ ಗಾಡಿ ಮೇಲೆ ಇಷ್ಟು ಧೂಳು ಕಂಡಿದ್ರೆ ಡ್ರೈವರ್‌ನ ಮೈದಾನ ಸುತ್ತಿಸ್ತಿದ್ರು! ತೊಳಿ, ತೊಳಿ!"

ತೊಳಿ ಎಂಬ ಆಜ್ಞೆಯನ್ನು ಬ್ಲೀಚಪ್ಪನ ಕೈ ಎಂದೂ ಮೀರಿದ್ದಿಲ್ಲ. ಒಂದು ಮೂಲೆ ಒರೆಸಲು ಹೋದವನು ಇಡೀ ಟ್ಯಾಂಕನ್ನೇ ಒರೆಸಿಬಿಟ್ಟ. ಆಮೇಲೆ ಕೇಳಿದ: "ಸಾರ್, ಯುದ್ಧದಲ್ಲೂ ಹೀಗೇ ತೊಳೀತಿದ್ರಾ?"

"ಯುದ್ಧಕ್ಕೆ ನಾನೆಲ್ಲಿ ಹೋಗಿದ್ದೆ? ನಾನಿದ್ದದ್ದು ಸಮವಸ್ತ್ರದ ಗೋದಾಮಿನಲ್ಲಿ," ಎಂದು ಸುಬೇದಾರರು ಪೇಪರನ್ನು ಕಂಕುಳಲ್ಲಿಟ್ಟು ಹೊರಟರು.

ಹೊಸ ತಪ್ಪಲೆಯಂತೆ ಮಿರಮಿರ ಮಿಂಚುತ್ತಿದ್ದ ಟ್ಯಾಂಕನ್ನು ಹಿಡಿದು ಅವನು ಕೆಳಗಿನ ಗ್ಯಾರೇಜಿಗೆ ಓಡಿದ. ಮೆಕ್ಯಾನಿಕ್ ಕಾರಿನಡಿಯಿಂದ ತಲೆ ಹೊರಹಾಕಿದ.

"ಅಯ್ಯೋ ಅಣ್ಣಾ, ಶೋರೂಮಿಂದ ಇಳಿಸ್ಕೊಂಡು ಬಂದ್ರಾ? ಕೊಡಿ ಇಲ್ಲಿ. ಗಾಡಿ ಅಂದ್ಮೇಲೆ ಇಲ್ಲಿ ಲೀಕಾಗುತ್ತೆ. ಇಲ್ಲೂ ಆಗುತ್ತೆ." ಹೇಳುತ್ತ ಹೇಳುತ್ತ ಗ್ರೀಸಿನ ಹೆಬ್ಬೆರಳನ್ನು ಒತ್ತುತ್ತಲೇ ಹೋದ. "ಲೀಕಾಗದ ಗಾಡಿ ಎಲ್ಲಿದೆ ಅಣ್ಣಾ? ಮನುಷ್ಯರೇ ಲೀಕಾಗ್ತಾರೆ."

ಟ್ಯಾಂಕು ಕೆಸರು ಹೊಂಡದಿಂದ ಎದ್ದ ಎಮ್ಮೆಯಂತಾಯಿತು. ಮತ್ತೆ ತೊಳೆದ. ಈ ಸಲ ಗ್ರೀಸಿನ ಜೊತೆ ಅರ್ಧ ಬಣ್ಣವೂ ಹೋಯಿತು. ಬೇಗ ಬೇಗ ಹಸಿರು ಬಳಿದು, ಒಣಗಲೆಂದು ಹಾಲಿನ ಕಿಟಕಿಯಲ್ಲಿಟ್ಟು, ಧೂಳಿನ ಬಣ್ಣದ ಪುಡಿ ತರಲು ಚಪ್ಪಲಿ ಮೆಟ್ಟಿದ.

"ಸ್ವಲ್ಪ ನೋಡ್ಕೋಪ್ಪಾ," ಎಂದ ಭಾಮೈದನಿಗೆ. "ಮುಟ್ಬೇಡ. ಸುಮ್ನೆ ನೋಡ್ತಾ ಇರು, ಸಾಕು."

"ಅದೇನು ದೊಡ್ಡ ಕೆಲಸ, ಹೋಗ್ಬನ್ನಿ ಭಾವ," ಎಂದು ಅವನು ಟೀ ಲೋಟದೊಂದಿಗೆ ಕಿಟಕಿಯ ಪಕ್ಕ ಕೂತ.

ಬಣ್ಣದ ಅಂಗಡಿ ಮುಚ್ಚಿತ್ತು. ಜಿನುಗುವ ಮಳೆಯಲ್ಲಿ ಬರಿಗೈಯಲ್ಲಿ ಮರಳಿದ ಬ್ಲೀಚಪ್ಪ ಹಾಲಿನ ಹೊಸ್ತಿಲಲ್ಲೇ ಕಲ್ಲಾದ.

"ಭಾವ, ಬೈಬೇಡಿ," ಎಂದ ಭಾಮೈದ. "ಸ್ವಲ್ಪ ಬಿತ್ತು."

"ಎಲ್ಲಿಗೆ?"

"ಗ್ಯಾರೇಜಿಗೆ. ಲೋಟ ಇಡೋಕೆ ಜಾಗ ಇರ್ಲಿಲ್ಲ, ಅದರ ಮೇಲಿಟ್ಟೆ. ಲೋಟ ತಗೊಳ್ಳೋವಾಗ ಅಂಟಿಕೊಂಡು ಬಂತು. ಕೊಡವಿದೆ. ಹಾರಿಹೋಯ್ತು. ಕೆಳಗೆ ಯಾರೋ ಕಾರು ಹಿಂದಕ್ಕೆ ತಗೊಳ್ತಿದ್ರು... ಪೂರ್ತಿ ಹತ್ತಿಸ್ಲಿಲ್ಲ ಭಾವ, ಒಳ್ಳೆಯವರು. ತಂದು ಪ್ಯಾಂಟಿಗೆ ಒರೆಸಿದೀನಿ."

ಮಡ್‌ಗಾರ್ಡು ಮಡಚಿಹೋಗಿತ್ತು. ಹೊಟ್ಟೆಯುದ್ದಕ್ಕೂ ಟೈರು ತರಚಿದ ಗಾಯ. ಮೇಲೆ ಟೀ ಲೋಟದ ಉಂಗುರ, ಹಸಿ ಬಣ್ಣದಲ್ಲಿ ಹೂತ ಸಿಗರೇಟಿನ ಬೂದಿ. ಬ್ಲೀಚಪ್ಪನಿಗೆ ಬೈಗುಳವೂ ಬರಲಿಲ್ಲ, ಅಳುವೂ ಬರಲಿಲ್ಲ. ಬಂದದ್ದು ಸಂಗ್ರಾಹಕರು. ಕಪ್ಪು ಕೋಟು ತೊಟ್ಟು, ಯಾರನ್ನೋ ಮಣ್ಣು ಮಾಡಿ ನೇರ ಇಲ್ಲಿಗೇ ಬಂದವರ ಮುಖ ಹೊತ್ತು, ಕರೆಗಂಟೆ ಬಾರಿಸಿದರು.

ಅವರು ಕೂರಲಿಲ್ಲ. ಟ್ಯಾಂಕನ್ನು ಎತ್ತಿ ಭೂತಗನ್ನಡಿ ಹಿಡಿದರು. ತಿರುಗಿಸಿದರು, ಮಗುಚಿದರು, ಮತ್ತೆ ತಿರುಗಿಸಿದರು.

"ಯಾರು ಮಾಡಿದ್ದು ಇದು?" ಎಂದರು ಕೊನೆಗೆ, ಬಹಳ ತಗ್ಗಿದ ದನಿಯಲ್ಲಿ.

ಅಂಗಡಿಯಲ್ಲಿ ಸುಟ್ಟ ಕೋಟು ಎತ್ತಿ ಹಿಡಿದ ಗಿರಾಕಿಗಳು ಕೇಳುವುದೂ ಇದೇ ದನಿಯಲ್ಲಿ. ಬ್ಲೀಚಪ್ಪನ ಬಾಯಿ ತಾನಾಗಿಯೇ ತೆರೆಯಿತು. "ನಾನಲ್ಲ ಸಾರ್! ದೇವರಾಣೆ ನಾನಲ್ಲ. ಇವನು, ನನ್ನ ಭಾಮೈದ!"

"ಈ ಗೀರು?"

"ಅವನದೇ."

"ಈ ಬೂದಿ ಬಣ್ಣ?"

"ಅದೂ ಅವನದೇ ಸಾರ್. ಆ ಉಂಗುರವೂ ಅವನದೇ. ಒಂದಕ್ಕಾದ್ರೂ ನನ್ನ ಕೈ ಸೋಕಿದ್ರೆ ಕೇಳಿ!"

ಸಂಗ್ರಾಹಕರು ಮುಂದೆ ಬಂದು ಭಾಮೈದನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ಈ ಕೈಗಾಗಿ ಎಷ್ಟು ಊರು ಅಲೆದೆ! ಎಲ್ಲರೂ ಕೊಳೆ ಹಚ್ಚುತ್ತಾರೆ, ಹಚ್ಚಿದ್ದು ಗೊತ್ತಾಗುತ್ತೆ. ನಿಮ್ಮದರಲ್ಲಿ ಯಾರೂ ಏನೂ ಮಾಡೇ ಇಲ್ಲವೇನೋ ಅನ್ನಿಸುತ್ತೆ."

"ನಿಜ ಸಾರ್, ನಾನೇನೂ ಮಾಡಿಲ್ಲ," ಎಂದ ಭಾಮೈದ ಗಾಬರಿಯಿಂದ.

"ವಿನಯ ನೋಡಿ, ವಿನಯ!"

"ಸಾರ್," ಬ್ಲೀಚಪ್ಪ ತೊದಲಿದ, "ಅದನ್ನ ಕಟ್ಟಿದ್ದು ನಾನು..."

"ಕಟ್ಟೋದು ಯಾರು ಬೇಕಾದ್ರೂ ಕಟ್ತಾರೆ. ಹೇಗೆ ಅಂತ ಡಬ್ಬಿ ಮೇಲೇ ಬರೆದಿರ್ತಾರಲ್ಲ," ಎಂದು ಅವರು ಹೆಂಡತಿಯ ಕಡೆ ತಿರುಗಿದರು. "ತಾಯಿ, ಇಂಥವರನ್ನ ಹಾಲಿನಲ್ಲಿ ಮಲಗಿಸಿದೀರಲ್ಲ! ಇವರಿಗೊಂದು ಕೋಣೆ ಬೇಡವೇ?" ಹೀಗೆಂದು, ಟ್ಯಾಂಕನ್ನು ಎಳೆಗೂಸಿನಂತೆ ಎದೆಗೊತ್ತಿಕೊಂಡು, ಇಂಥವೇ ಇನ್ನಷ್ಟು ಬೇಕೆಂದು ಹೇಳಿ ಮೆಟ್ಟಿಲಿಳಿದರು.

ಬ್ಲೀಚಪ್ಪ ಹೆಂಡತಿಯ ಮುಖ ನೋಡಿದ. "ಒಪ್ಪಿದ್ರೆ ಕೋಣೆ ನನ್ನದು ಅಂದಿದ್ದೆ."

"ಅಂದಿದ್ದೆ, ಇಲ್ಲ ಅನ್ನಲ್ಲ," ಎಂದಳು ಅವಳು, ಸ್ವಲ್ಪ ಮರುಕದಿಂದಲೇ. "ಆದ್ರೆ ನಾನು ಮಾಡಿದ್ದಲ್ಲ ಅಂತ ದೇವರಾಣೆ ಹಾಕಿದ್ದು ಯಾರ್ರೀ?"

ದೀಪ ಹಚ್ಚುವ ಹೊತ್ತಿಗೆ ಹಾಸಿಗೆ ಒಳಗೆ ಹೋಗಿತ್ತು. ಪ್ಲಾಸ್ಟಿಕ್ ಚೂರುಗಳ ಹೊಸ ಡಬ್ಬಿಯೂ ಅಂಟಿನ ಟ್ಯೂಬೂ ಹೊರಗೆ ಬಂದಿದ್ದವು. ಬ್ಲೀಚಪ್ಪ ಹಾಲಿನ ನೆಲದ ಮೇಲೆ ಕೂತು ಟ್ಯಾಂಕಿನ ಸಣ್ಣ ಸಣ್ಣ ಗಾಲಿಗಳನ್ನು ಒಂದೊಂದಾಗಿ ಜೋಡಿಸತೊಡಗಿದ.

ಮುಚ್ಚಿದ ಬಾಗಿಲಿನ ಆಚೆಯಿಂದ ಆಕಳಿಕೆಯೊಂದು ಕೇಳಿತು. ಅದರ ಹಿಂದೆಯೇ ದನಿ:

"ಭಾವಾ, ಅವಸರ ಮಾಡ್ಬೇಡಿ. ಕ್ಲೀನಾಗಿ ಕಟ್ಟಿ. ಗಲೀಜು ಮಾಡೋದು ನನಗೆ ಬಿಡಿ."