ಹಿಂದಿನ ಬ್ರೇಕು ಯಾರ ಕಾಲದ್ದು?

ಸಂಬಂಧಪಟ್ಟ ಇಲಾಖೆ, ಮಳವಳ್ಳಿ
ಸುತ್ತೋಲೆ ನಂ. ಹಿಂ.ಬ್ರೇ. 17/1943-44
ತಾರೀಖು: 22ನೇ ಡಿಸೆಂಬರ್ 1943

ವಿಷಯ: ನಿವೃತ್ತ ಹೆಡ್‌ಮಾಸ್ತರ್ ಕಸ್ತೂರಿರಂಗಯ್ಯಂಗಾರ್ ರವರು ಸ್ವಂತ ಮನೆಯ ಅಂಗಳದಲ್ಲಿ ಸ್ವಂತ ಮೋಟಾರಿನ ಹಿಂದಿನ ಬ್ರೇಕು ಬದಲಾಯಿಸಿಕೊಳ್ಳಲು ಧೈರ್ಯ ಮಾಡಿದ ಬಗ್ಗೆ.

ಉಲ್ಲೇಖ: (ಅ) ಮಾಲು ವಾಪಸು ಕೋರಿ ಸದರಿಯವರ ಅರ್ಜಿ. (ಆ) ಅದೇ ಅರ್ಜಿ, ಎರಡನೇ ಸಲ. (ಇ) ಜಮೇದಾರ ದೊಡ್ಡಸಿದ್ದಯ್ಯನ ಬಾಯಿಮಾತಿನ ವರದಿ.

ಇದೇ ತಿಂಗಳ 18ನೇ ತಾರೀಖು ಬೆಳಗ್ಗೆ ಕೆರೆಯ ಮೇಲಿನಿಂದ ಮಂಜು ಎದ್ದು, ಯಾರ ಅಪ್ಪಣೆಯನ್ನೂ ಕೇಳದೆ ಊರೊಳಗೆ ಬಂದು, ಎಂಟು ಗಂಟೆಯಾದರೂ ಏಳದೆ ಕುಳಿತಿತ್ತು. ಧನುರ್ಮಾಸದ ಪೂಜೆಯ ಗಂಟೆ ಕೇಳಿಸುತ್ತಿತ್ತೇ ಹೊರತು ದೇವಸ್ಥಾನ ಕಾಣಿಸುತ್ತಿರಲಿಲ್ಲ. ಈ ಮರೆಯಲ್ಲಿ ಸದರಿ ಹೆಡ್‌ಮಾಸ್ತರರು, ಮದ್ದೂರಿನಿಂದ ಬಂದ ಮೆಕ್ಯಾನಿಕ್ ಶಫೀವುಲ್ಲಾ ಎಂಬುವರೊಡನೆ ಸೇರಿ, ಮೋಟಾರಿನ ಹಿಂಭಾಗವನ್ನು ಕಲ್ಲಿನ ಮೇಲೆ ನಿಲ್ಲಿಸಿ, ಚಕ್ರ ಬಿಚ್ಚಿ, ಚಕ್ರವನ್ನು ಒಳಗಿನಿಂದ ಒತ್ತಿ ನಿಲ್ಲಿಸುವ, ಈಗ ಸವೆದುಹೋದ ಬ್ರೇಕ್ ಶೂಗಳನ್ನು ತೆಗೆದರು. ಹೊಸ ಪಟ್ಟಿ ಬಡಿದ ಶೂಗಳನ್ನು ಇನ್ನೇನು ಕೂರಿಸಬೇಕು ಎನ್ನುವಾಗ ಮಂಜು ಕರಗಿತು. ಇಲಾಖೆಗೆ ಕಂಡಿತು. ಆದಕಾರಣ ಸಮಸ್ತರ ತಿಳಿವಳಿಕೆಗೆ ಹೊರಡಿಸಿದ ಅಪ್ಪಣೆಗಳು ಇಂತಿವೆ:

1. ಶೂಗಳನ್ನು ಹೊರಬಾಗಿಲಲ್ಲಿ ಬಿಡುವುದು ಮರ್ಯಾದಸ್ಥರ ವಾಡಿಕೆ. ಸದರಿ ಶೂಗಳು ತುಳಸಿಕಟ್ಟೆಯ ಪಕ್ಕದಲ್ಲಿ ಕಂಡುಬಂದುದರಿಂದ, ನಾಲ್ಕನ್ನೂ "ಪಾದರಕ್ಷೆ, ಎರಡು ಜೊತೆ" ಎಂದು ಬರೆದುಕೊಂಡು ಜಪ್ತಿ ಮಾಡಲಾಗಿದೆ. ಲೇಸು ಇಲ್ಲ, ಎಡಬಲ ಇಲ್ಲ, ಅಟ್ಟೆ ಮಾತ್ರ ಗಟ್ಟಿ. ಕಛೇರಿಯ ಎಲ್ಲ ನೌಕರರ ಕಾಲಿಗೂ ಇಟ್ಟು ನೋಡಲಾಗಿ ಯಾರಿಗೂ ಹಿಡಿಸಲಿಲ್ಲ.

2. ಜಪ್ತಿಯ ವೇಳೆ ಜಮೇದಾರನು "ಇದ್ಯಾವ ಕಾಲ್ಗಾಯ್ತದ್ಲಾ?" ಎಂದು ವಿಚಾರಿಸಿದ್ದಕ್ಕೆ ಸದರಿ ಶಫೀವುಲ್ಲಾ, "ನಿಮ್ ಸಾಯೇಬ್ರ ಕಾಲ್ಗಂತೂ ಅಲ್ಲ ಕಣ್ಲಾ. ಚಕ್ರದ ಕಾಲ್ಗೆ" ಎಂದು ಉತ್ತರಿಸಿರುತ್ತಾರೆ. ಉತ್ತರದಲ್ಲಿ ಸಾಹೇಬರ ಕಾಲಿನ ಪ್ರಸ್ತಾಪ ಬಂದಿರುವುದರಿಂದ ಪ್ರತ್ಯೇಕ ಕಡತ ತೆರೆಯಲಾಗಿದೆ.

3. ಅರ್ಜಿಯಲ್ಲಿ "ಹಿಂದಿನ ಬ್ರೇಕು" ಎಂದು ಅರ್ಜಿದಾರರೇ ಕೈಯಾರೆ ಬರೆದಿದ್ದಾರೆ. ಹಿಂದಿನ ವಿಷಯಗಳು ಹಿಂದಿನ ಅಧಿಕಾರಿಗಳ ಕಾಲಕ್ಕೆ ಸೇರಿದವು. ಅವರು ಪೆನ್ಷನ್ ಪಡೆದು ಕಾಶಿಗೆ ಹೋಗಿದ್ದಾರೆ. ಪುಣ್ಯ ಮುಗಿಸಿ ಬಂದು ರುಜು ಹಾಕುವವರೆಗೆ ಶೂಗಳನ್ನು ಬಿಡುಗಡೆ ಮಾಡತಕ್ಕದ್ದಲ್ಲ. ಇದೇ ನ್ಯಾಯದಂತೆ ಮುಂದಿನ ಬ್ರೇಕು ಮುಂದಿನ ಅಧಿಕಾರಿಗಳದು. ಅವರು ಇನ್ನೂ ನೇಮಕವಾಗಿಲ್ಲ.

4. ಹಾಲಿ ಅಧಿಕಾರಿಗಳಿಗೆ ಹಾಲಿ ಬ್ರೇಕಿನ ಮೇಲೆ ಮಾತ್ರ ಅಧಿಕಾರ. ಮೋಟಾರಿನಲ್ಲಿ ಅಂಥದ್ದು ಹುಡುಕಿದರೂ ಸಿಗಲಿಲ್ಲ. ಒಂದನ್ನು ಕೂಡಲೇ ನಡುವೆ ಎಲ್ಲಾದರೂ ಹಾಕಿಸಿಕೊಳ್ಳುವಂತೆ ಅರ್ಜಿದಾರರಿಗೆ ತಾಕೀತು ಮಾಡಲಾಗಿದೆ.

5. ಅರ್ಜಿದಾರರ ಪತ್ನಿ ರಂಗನಾಯಕಮ್ಮನವರು ಎರಡು ಸಲ ಕಛೇರಿಯ ಮೆಟ್ಟಿಲ ತನಕ ಬಂದು, ಸೊಸೆ ತಿರುಮಲಮ್ಮನವರಿಗೆ ದಿನ ತುಂಬಿದೆಯೆಂದೂ, ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯಲು ಈ ಮೋಟಾರು ಬಿಟ್ಟರೆ ಗತಿಯಿಲ್ಲವೆಂದೂ ತಿಳಿಸಿದರು. ಇದ್ದಿಲಿನಿಂದ ಓಡುವ ಬಸ್ಸಿದೆಯಲ್ಲ ಎಂದು ಇಲಾಖೆ ನೆನಪಿಸಿತು. ಅದಕ್ಕೆ ಅವರು ಸಾಹೇಬರ ಕಡೆ ನೋಡದೆ, ಬಾಗಿಲಲ್ಲಿದ್ದ ಜಮೇದಾರನ ಕಡೆ ತಿರುಗಿ, "ಹೋದ ವರ್ಷ ಅದೇ ಬಸ್ಸು ದಾರೀಲಿ ನಿಂತು ಕೂಸನ್ನ ಕಳ್ಕೊಂಡ್ವಿ. ಆವತ್ತು ಬಸ್ಸು ತಳ್ಳಿದವರಲ್ಲಿ ನೀನೂ ಇದ್ದೆಯಪ್ಪ, ದೊಡ್ಡಸಿದ್ದಯ್ಯ" ಎಂದರು. ಬಸ್ಸು ತಳ್ಳುವುದು ಈ ಇಲಾಖೆಯ ವ್ಯಾಪ್ತಿಗೆ ಬಾರದು. ಆದ್ದರಿಂದ ಈ ಮಾತಿನ ಮೇಲೆ ಯಾವ ಕ್ರಮವೂ ಇಲ್ಲ.

6. ಕಾಶಿಯಿಂದ ರುಜು ಬರುವ ತನಕ ತಿರುಮಲಮ್ಮನವರು ಹೆರಿಗೆಯನ್ನು ಮುಂದೂಡಿಕೊಳ್ಳತಕ್ಕದ್ದು. ಒಂಬತ್ತು ತಿಂಗಳ ಗಡುವು ಹಾಕಿದ್ದು ಭಗವಂತನೆಂದು ಕುಟುಂಬದವರು ಹೇಳುತ್ತಾರೆ. ಅವನ ಕಛೇರಿಯಲ್ಲಿ ಅರ್ಜಿಯಿಲ್ಲದೆಯೇ ಮಂಜೂರಾಗುತ್ತದೆ ಎಂಬ ದೂರು ಇರುವುದರಿಂದ, ಆ ಗಡುವನ್ನು ಇಲಾಖೆ ಒಪ್ಪಲು ಬರುವುದಿಲ್ಲ.

7. ತೀರಾ ತುರ್ತಿದ್ದಲ್ಲಿ ಶೂಗಳಿಲ್ಲದೆಯೇ ಮೋಟಾರನ್ನು ಓಡಿಸಬಹುದು. ನಿಲ್ಲಿಸತಕ್ಕದ್ದಲ್ಲ.

(ರುಜು ಓದಲು ಬರುವಂತಿಲ್ಲ)
ಹಾಲಿ ಅಧಿಕಾರಿ
ಸಂಬಂಧಪಟ್ಟ ಇಲಾಖೆ
(ಹಿಂದಿನ ಹಾಗೂ ಮುಂದಿನ ವಿಷಯಗಳನ್ನುಳಿದು)

ಪ್ರತಿಗಳು:

ಹಿಂದಿನ ಅಧಿಕಾರಿಗಳಿಗೆ, ಕಾಶಿ. ಯಾವ ಘಾಟೆಂದು ತಿಳಿದಿಲ್ಲ.

ಮುಂದಿನ ಅಧಿಕಾರಿಗಳಿಗೆ, ಅವರು ಯಾರೆಂದು ಗೊತ್ತಾದ ಮೇಲೆ.

ಭಗವಂತನಿಗೆ, ಅರ್ಚಕರ ಮೂಲಕ, ಕಲಂ 6ರ ಬಗ್ಗೆ ಏಳು ದಿನದೊಳಗೆ ಸಮಜಾಯಿಷಿ ಕೋರಿ.

ಜಮೇದಾರ ದೊಡ್ಡಸಿದ್ದಯ್ಯನಿಗೆ, ಜಪ್ತಿ ಮಾಲನ್ನು ಜೋಪಾನವಾಗಿ ಕಾಯುವ ಬಗ್ಗೆ.

(ಕೊನೆಯ ಪ್ರತಿಯ ಹಿಂಬದಿಯಲ್ಲಿ ಜವಾನ ಚಿಕ್ಕಮಾದುವಿನ ಷರಾ: ಜಮೇದಾರರು ಕಛೇರಿಯಲ್ಲಿ ಇರಲಿಲ್ಲ. ಹುಡುಕಲಾಗಿ ಹೆಡ್‌ಮಾಸ್ತರರ ಅಂಗಳದಲ್ಲಿ ಸಿಕ್ಕಿದರು. ಶಫೀವುಲ್ಲಾರವರು ಚಕ್ರದ ಹತ್ತಿರ ಕೂತಿದ್ದರು. ಜಮೇದಾರರು ಟವಲಿನ ಗಂಟು ಬಿಚ್ಚಿ ಒಂದೊಂದೇ ಶೂ ಅವರ ಕೈಗೆ ಕೊಡುತ್ತಿದ್ದರು. ಪ್ರತಿಯನ್ನು ಕೊಡಬೇಕೆಂದು ಕಾದು ನಿಂತೆನು. ಅವರು ನಾಲ್ಕನೆಯದನ್ನು ಟವಲಿನಿಂದ ಒರೆಸಿ, ಅದನ್ನೂ ಕೊಟ್ಟರು.)