ಅಜ್ಜನ ಬಂದೂಕಿನ ಬೋಲ್ಟು

ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕುವುದು ನನ್ನ ಹುಟ್ಟುಗುಣ. ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ನಾನು ಅನುಭವ ಎನ್ನುತ್ತೇನೆ. ಕೊಲ್ಲಿ ನಾಡಿನ ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಿನಲ್ಲಿ ಹನ್ನೊಂದು ವರ್ಷದಿಂದ ಸೂಪರ್‌ವೈಸರ್ ಆಗಿದ್ದೇನೆ. ಎಂಜಿನ್ ಬಿಚ್ಚಲು ಬರುವುದಿಲ್ಲ. ಬಿಚ್ಚುವವರ ಹಿಂದೆ ನಿಂತು "ಹಾಗಲ್ಲ, ಹೀಗೆ" ಎನ್ನಲು ಬರುತ್ತದೆ. ಆದರೆ ಆಯುಧಪೂಜೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಮೈಸೂರಿನವನಲ್ಲವೇ! ಸ್ಪ್ಯಾನರ್, ಜಾಕ್, ಕಂಪ್ರೆಸರ್, ಕಡೆಗೆ ಚಹಾದ ಕೆಟಲ್ಲಿಗೂ ಗಂಧ, ಕುಂಕುಮ, ಅಕ್ಷತೆ ಬಿದ್ದೇ ತೀರಬೇಕು. ನಮ್ಮ ಮಾಲೀಕರು ಇಲ್ಲಿಯವರೇ ಆದ ಅರಬರು. ಎಲ್ಲರೂ ಅರ್ಬಾಬ್ ಎನ್ನುತ್ತೇವೆ. ಪೂಜೆಯ ದಿನ ಅವರು ಬೀಗದ ಕೈಗಳನ್ನು ನನಗೇ ಕೊಟ್ಟು, ಏನೂ ತೊಂದರೆಯಿಲ್ಲ ಎಂಬಂತೆ "ಮಾಫಿ ಮುಶ್ಕಿಲ್" ಎಂದು ಮನೆಗೆ ಹೋಗಿಬಿಡುತ್ತಾರೆ.

ಅವರ ಕೋಣೆಯ ಗೋಡೆಯ ಮೇಲೆ ಅವರಜ್ಜನ ಹಳೆಯ ಮಿಲಿಟರಿ ಬಂದೂಕು. ಈಗ ಗುಂಡು ಹಾರದಂತೆ ಮಾಡಿಸಿ, ಪೊಲೀಸರ ಕಾಗದಕ್ಕೂ ಕಟ್ಟು ಹಾಕಿಸಿ ಪಕ್ಕದಲ್ಲೇ ತೂಗುಹಾಕಿದ್ದಾರೆ. ಇವರ ಮದುವೆಗಳಲ್ಲಿ ಗಂಡಸರು ಬಂದೂಕು ತಿರುಗಿಸುತ್ತಾ ಕುಣಿಯುತ್ತಾರೆ. ಕುಣಿತಕ್ಕೆ ಮೊದಲು ಮನೆಯ ಹಿರಿಯರು ಎಲ್ಲರೆದುರು ಬೋಲ್ಟನ್ನು, ಅಂದರೆ ಗುಂಡು ತುಂಬಲು ಹಿಂದಕ್ಕೆಳೆಯುವ ಹಿಡಿಯನ್ನು, ಎಳೆದು ಒಳಗೆ ಖಾಲಿ ಎಂದು ತೋರಿಸುವುದು ಈ ಮನೆತನದ ಪದ್ಧತಿ. ಮಗನ ಮದುವೆಯ ಹಿಂದಿನ ದಿನ ಅರ್ಬಾಬ್ ಬಂದೂಕನ್ನು ಇಳಿಸಿ ಬೋಲ್ಟ್ ಎಳೆದರು. ಅದು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಅಜ್ಜನ ಬಂದೂಕಿಲ್ಲದೆ ಮಗನ ಮದುವೆಯೇ! ಆ ದೊಡ್ಡ ಮನುಷ್ಯರ ಕಣ್ಣಲ್ಲಿ ನೀರು ಕಂಡಿತು.

ಕೂಡಲೇ ಬಾಯಿ ಹಾಕಿದೆ. "ಯಾರೋ ಕೈಯಾಡಿಸಿದ್ದಾರೆ ಅರ್ಬಾಬ್. ಗ್ರೀಸ್ ಮೆತ್ತಿದ್ದಾರೆ, ಒಣಗಿ ಕಚ್ಚಿಕೊಂಡಿದೆ." ನಮ್ಮಲ್ಲಿ ಗ್ರೀಸ್ ಡಬ್ಬ ಹಿಡಿಯುವವರು ಒಬ್ಬರೇ, ಮಂಗಳೂರು ಕಡೆಯ ಹಳೇ ಮೆಕ್ಯಾನಿಕ್ ಶೇಖರಣ್ಣ. ಅರ್ಬಾಬ್ ಅವರ ಕಡೆ ತಿರುಗಿ, "ಇದು ನಿನ್ನದೇ ಕೆಲಸವಾದರೆ ಖಲಾಸ್, ಊರಿಗೆ ಟಿಕೆಟ್" ಎಂದುಬಿಟ್ಟರು. ಅಯ್ಯೋ ದೇವರೇ! ನಾನು ಹೆಸರು ಹೇಳಿರಲಿಲ್ಲ, ನಿಜ. ಆದರೆ ಹೆಸರು ಹೇಳಿದಷ್ಟೇ ಆಗಿತ್ತು. ಶೇಖರಣ್ಣ ನನ್ನನ್ನೇ ನೋಡುತ್ತಾ, "ಎಂತ ಮಾರಾಯ್ರೆ, ನಾನದನ್ನು ಮುಟ್ಲೇ ಇಲ್ಲ" ಎಂದರು.

ಅವರು ಬಂದೂಕನ್ನು ಬೆಂಚಿನ ಮೇಲೆ ಮಲಗಿಸಿದರು. ನಾನು ಹಿಂದೆ ನಿಂತೆ. "ಸುತ್ತಿಗೆಯಲ್ಲಿ ಒಂದು ಕೊಡಿ" ಎಂದೆ. "ನೀವು ಸ್ವಲ್ಪ ಸುಮ್ನಿರ್ತೀರಾ?" ಎಂದರು. ಸಂದಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಕಾದು, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದರು. ಬೋಲ್ಟ್ ಕಿರ್ರೆಂದು ಹಿಂದೆ ಬಂತು. ಜೊತೆಗೆ ಕೆಂಪು ಮುದ್ದೆ! "ರಕ್ತ!" ಎಂದು ಕಿರುಚಿದೆ. ಶೇಖರಣ್ಣ ಅದನ್ನು ಬೆರಳಲ್ಲಿ ಹಿಸುಕಿ ನನ್ನ ಮುಂದೆ ಹಿಡಿದರು. ಅದರೊಳಗೆ ಎರಡು ಅಕ್ಕಿಕಾಳು.

ಕಳೆದ ಆಯುಧಪೂಜೆಯ ದಿನ ಎಲ್ಲ ಮುಗಿದರೂ ಬಟ್ಟಲಲ್ಲಿ ಗಂಧ, ಕುಂಕುಮ, ಅಕ್ಷತೆ ಎಲ್ಲ ಕಲಸಿಕೊಂಡು ಉಳಿದಿತ್ತು. ಅಸಲಿ ಆಯುಧ ಗೋಡೆಯ ಮೇಲಿರುವಾಗ ಬರೀ ಜಾಕಿಗೆ ಪೂಜೆಯೇ ಎಂದು ಸ್ಟೂಲ್ ಹತ್ತಿದವನು ನಾನೇ. ಧಾರಾಳವಾಗಿ ಮೆತ್ತಿದವನೂ, ಮರೆತವನೂ ನಾನೇ.

"ಹಳೇ ತುಕ್ಕು, ಅರ್ಬಾಬ್" ಎಂದರು ಶೇಖರಣ್ಣ, ನನ್ನತ್ತ ನೋಡದೆ. ತಮ್ಮನ್ನು ಊರಿಗೆ ಕಳಿಸಲು ಹೊರಟಿದ್ದ ನನ್ನನ್ನು ಅವರೇ ಉಳಿಸುತ್ತಿದ್ದರು! ನಾಚಿಕೆಯಿಂದ ಕುಗ್ಗಿಹೋದೆ. ಬಾಯಿ ಹಾಕಲೇಬೇಕಾಗಿದ್ದ ಆ ಒಂದು ಗಳಿಗೆಯಲ್ಲಿ ನನಗೆ ಬಾಯೇ ಬರಲಿಲ್ಲ. ಅರ್ಬಾಬ್ ಆ ಮುದ್ದೆಯನ್ನು ಮೂಗಿಗೆ ಹಿಡಿದರು. ಅತ್ತರಿನಲ್ಲೇ ಬೆಳೆದ ಮೂಗು ಅದು. "ತುಕ್ಕಿಗೆ ಶ್ರೀಗಂಧದ ವಾಸನೆ!" ಎಂದವರೇ ನಿಧಾನವಾಗಿ ನನ್ನ ಹಣೆ ನೋಡಿದರು. ಬೆಳಗ್ಗೆ ಇಟ್ಟುಕೊಂಡಿದ್ದ ಗಂಧ, ಕುಂಕುಮ ಹಾಗೇ ಇದ್ದವು.

"ನಾನೇ ಅರ್ಬಾಬ್. ಟಿಕೆಟ್ ನನಗೆ ತೆಗೆಸಿ" ಎಂದೆ. ಅವರು ಬೋಲ್ಟನ್ನು ಎರಡು ಸಲ ಎಳೆದು ನೋಡಿದರು. ಕಡೆಗೆ, "ನಾಳೆ ಇಬ್ಬರೂ ಮದುವೆಗೆ ಬನ್ನಿ. ಶೇಖರ್ ನನ್ನ ಪಕ್ಕ ನಿಲ್ಲಲಿ. ನೀನು ಬಂದೂಕಿನಿಂದ ದೂರ" ಎಂದರು.

ದೂರವೇ ನಿಂತಿದ್ದೆ, ಬಿರಿಯಾನಿಯ ತಟ್ಟೆಗಳಾಚೆ. ಅರ್ಬಾಬ್ ಬೋಲ್ಟ್ ಎಳೆದರು. ಬೆಣ್ಣೆಯ ಹಾಗೆ ಜಾರಿತು. ಜನ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಒಳಗೆಲ್ಲೋ ಉಳಿದಿದ್ದ ಒಂದು ಅಕ್ಕಿಕಾಳು ಚಿಮ್ಮಿ ಮದುಮಗನ ಭುಜದ ಮೇಲೆ ಬಿತ್ತು. ಶೇಖರಣ್ಣ ಅಲ್ಲಿಂದಲೇ ನನ್ನತ್ತ ಕಣ್ಣು ಬಿಟ್ಟು, ತುಟಿಯ ಮೇಲೆ ಬೆರಳಿಟ್ಟರು. ಮದುವೆಗೆ ಅಕ್ಷತೆ ಬಿತ್ತು ಎಂದು ಕೂಗಬೇಕೆನಿಸಿತು. ಎರಡೂ ಕೈಯಿಂದ ನನ್ನ ಬಾಯಿ ಮುಚ್ಚಿಕೊಂಡೆ.